ತೋಟದಣ್ಣನ ಸಂಜೆ

ಆ ಚಿತ್ರ ಬರೆದವನಿಗಿಂತ ತನಗೇ ಅದು ಚೆನ್ನಾಗಿ ಗೊತ್ತು ಎಂದು ತೋಟದಣ್ಣ ಹೇಳಿಕೊಳ್ಳುತ್ತಿದ್ದ. ಬರೆದವನು ಹೆಚ್ಚೆಂದರೆ ಆರು ತಿಂಗಳು ಅದರ ಮುಂದೆ ನಿಂತಿದ್ದಾನು. ಇವನು ನಿಂತದ್ದು ಮೂವತ್ತೊಂದು ವರ್ಷ. ಅಷ್ಟು ವರ್ಷದಲ್ಲಿ ಅದರ ಮೇಲೆ ಕೂತದ್ದು ಒಂದೇ ನೊಣವಂತೆ. ಇವನು ಕೆಮ್ಮಿದ್ದಕ್ಕೆ ಅದೂ ಕ್ಷಮೆ ಕೇಳಿ ಎದ್ದುಹೋಯಿತಂತೆ.

ಚಿತ್ರಶಾಲೆಯ ನಾಲ್ಕನೇ ಕೋಣೆಯ ಕಾವಲು ಅವನದು. ಅಲ್ಲಿನ ಅರ್ಧ ಗೋಡೆ ತುಂಬಿದ್ದ ಆ ಚಿತ್ರದಲ್ಲಿ ಒಂದು ತೋಟ, ಮರದಡಿ ಮೇಜು, ಸುತ್ತ ಹದಿಮೂರು ಜನ. ಅದರಿಂದಲೇ ಅವನಿಗೆ ಆ ಹೆಸರು. ಹತ್ತಿರ ಹೋದರೆ ಬರೀ ಬಣ್ಣದ ಮುದ್ದೆ. ಏಳು ಹೆಜ್ಜೆ ಹಿಂದೆ ಸರಿದರೆ ಮುದ್ದೆಗಳೆಲ್ಲ ಟೋಪಿ, ಲಂಗ, ಬಿಸಿಲು. ಬಂದವರನ್ನು ಆ ಏಳನೇ ಹೆಜ್ಜೆಯಲ್ಲಿ ನಿಲ್ಲಿಸಿ ಅವನು ಶುರುಮಾಡುತ್ತಿದ್ದ: "ಸಂಜೆ ಆಗಿದೆ ನೋಡಿ. ಬಿಸಿಲು ಹಳದಿಗೆ ತಿರುಗಿದೆ. ಈಯಮ್ಮ ಹೊರಡೋಕೆ ಟೋಪಿ ಕೈಗೆ ತಗೊಂಡ್ರು. ಈ ಮೀಸೆಯವನು ಮಾತ್ರ ತಟ್ಟೆ ಖಾಲಿ ಮಾಡಿದ್ರೂ ಏಳೋ ಗಿರಾಕಿ ಅಲ್ಲ."

ನಿವೃತ್ತಿಗೆ ಒಂದು ತಿಂಗಳಿತ್ತು. ಇನ್ನೊಂದು ವರ್ಷ ಇಟ್ಟುಕೊಳ್ಳಿ ಎಂದು ಮೇಲಧಿಕಾರಿಗೆ ಅರ್ಜಿ ಕೊಟ್ಟಿದ್ದ.

"ಅವರು ಒಪ್ಕೊಳ್ಳಲಪ್ಪ," ಎಂದಳು ಹೆಂಡತಿ. "ನೀವು ಮನೇಲಿ ಕೂತ್ರೆ, ಸೊಪ್ಪು ಹೆಚ್ಚೋ ನನ್ನನ್ನೂ ಏಳು ಹೆಜ್ಜೆ ದೂರ ನಿಂತು ನೋಡ್ತೀರಿ."

ಅಷ್ಟರಲ್ಲಿ, ಶುಚಿ ಮಾಡಲು ಒಯ್ದಿದ್ದ ಚಿತ್ರ ಮರಳಿ ಬಂತು. ಪೆಟ್ಟಿಗೆ ಬಿಚ್ಚಿ ಗೋಡೆಗೆ ಏರಿಸಿದ್ದೇ ತಡ, ತೋಟದಣ್ಣ ಏಳು ಹೆಜ್ಜೆ ಹಿಂದೆ ಸರಿದ. ಎಂಟನೆಯದನ್ನೂ ಇಟ್ಟ. "ಮೇಡಂ, ಇದು ನಮ್ಮದಲ್ಲ! ಬದಲಾಯಿಸಿಬಿಟ್ಟಿದಾರೆ!" ಎಂದು ಅವನು ಮೇಲಧಿಕಾರಿಯತ್ತ ಕೂಗಿದ್ದಕ್ಕೆ ಪಕ್ಕದ ಕೋಣೆಯ ಕಲ್ಲಿನ ಪ್ರತಿಮೆಗಳೂ ಕತ್ತು ತಿರುಗಿಸಿರಬೇಕು.

ಯಾರೂ ಬದಲಾಯಿಸಿರಲಿಲ್ಲ. ಮೇಲೆ ಬಳಿದಿದ್ದ ವಾರ್ನಿಶ್ ನೂರು ವರ್ಷದಲ್ಲಿ ಹಳದಿಗಟ್ಟಿತ್ತು; ಅದನ್ನು ತೆಗೆದಿದ್ದರು, ಅಷ್ಟೆ. ಈಗ ಆಕಾಶ ತಿಳಿನೀಲಿ. ಹುಲ್ಲಿನ ಮೇಲೆ ಇಬ್ಬನಿಯ ಬಿಳಿ ಚುಕ್ಕೆಗಳು. ಮೇಜಿನ ನಡುವೆ ಯಾರೂ ಕೈಹಾಕದ ಹಣ್ಣಿನ ಬುಟ್ಟಿ.

"ಇದು ಬೆಳಗ್ಗೆ ಕಣಣ್ಣ," ಎಂದರು ಮೇಲಧಿಕಾರಿ, ಅರ್ಜಿ ಕೈಯಲ್ಲಿ ಹಿಡಿದು. "ಆಯಮ್ಮ ಟೋಪಿ ಈಗಷ್ಟೇ ತೆಗೆದಿದಾರೆ. ಎಲ್ಲಾ ಈಗ ತಾನೇ ಬಂದು ಕೂತಿದಾರೆ. ಮೂವತ್ತೊಂದು ವರ್ಷ ಬೆಳಗನ್ನ ಸಂಜೆ ಅಂತ ಜನಕ್ಕೆ ತೋರಿಸಿದೀರಲ್ಲ, ಇದರ ಮೇಲೆ ನಾನು ಏನಂತ ಬರೀಲಿ?"

ತೋಟದಣ್ಣ ಮೀಸೆಯವನನ್ನು ನೋಡಿದ. ತಟ್ಟೆ ಖಾಲಿಯೇ ಇತ್ತು. ಅದಕ್ಕೆ ಇನ್ನೂ ಬಡಿಸಿಯೇ ಇರಲಿಲ್ಲ.

"ಒಪ್ಪಿಗೆ ಅಂತ ಬರೀರಿ ಮೇಡಂ," ಎಂದ. "ಇವರೆಲ್ಲ ಇನ್ನೇನು ಎದ್ದುಹೋಗ್ತಾರೆ, ಜೊತೆಗೆ ನಾನೂ ಹೊರಡೋಣ ಅಂತ ಒಂದೇ ವರ್ಷ ಕೇಳಿದ್ದೆ. ಈಗ ತಾನೇ ಬಂದಿದಾರೆ ಅಂತ ನೀವೇ ಹೇಳ್ತೀರಿ. ನೆಂಟರು ಕೂತ ತಕ್ಷಣ ಮನೆಯವನೇ ಎದ್ದು ಹೋದ ಅಂತ ಆಗಬಾರದು ನೋಡಿ."