ಗೋಡೆ ತಟ್ಟದೆ ಕಟ್ಟಿದ ಬೆಲೆ

ಹೋದ ತಿಂಗಳು ಒಂದು ಸೋಮವಾರ ಬೆಳಿಗ್ಗೆ ನಮ್ಮ ಬೀದಿಯ ಮುನಿಯಮ್ಮ ಒಂದು ಕಾಗದ ಹಿಡಿದು ಬಂದರು.

"ಮೇಷ್ಟ್ರೇ, ಇದು ನನ್ ಮನೇದೇನಾ ಅಂತ ಒಸಿ ಓದಿ ಹೇಳಿ."

ಓದಿದೆ. ಮಣ್ಣಿನ ಗೋಡೆ. ನಾಡಹೆಂಚಿನ ಮಾಡು. ಬಾವಿ ಇಲ್ಲ. ಮೇಲ್ಗಡೆ ಮುನಿಯಮ್ಮನ ಹೆಸರು, ಜೋಗುಪಾಳ್ಯದ ನಮ್ಮ ಬೀದಿ, ಅವರದೇ ಮನೆ ನಂಬರು.

ಆ ಇಲ್ಲದ ಬಾವಿಯ ನೀರಿನಲ್ಲೇ ನಾನು ಅವತ್ತು ಬೆಳಿಗ್ಗೆ ಸ್ನಾನ ಮಾಡಿದ್ದೆ.

ವಿಷಯ ಇಷ್ಟು. ಯುದ್ಧ ಶುರುವಾದ ಮೇಲೆ ದಂಡಿನ ಲಾರಿಗಳ ಓಡಾಟ ಹೆಚ್ಚಿ, ನಮ್ಮ ಬೀದಿಯನ್ನು ಅಗಲ ಮಾಡಲು ಹೊರಟಿದ್ದಾರೆ. ನಾವಿರುವ ಕಡೆಯ ಸಾಲು ಮನೆಗಳೆಲ್ಲ ಹೋಗುತ್ತವೆ. ನನ್ನದೂ, ಮುನಿಯಮ್ಮನದೂ. ಹೋಗುವ ಮನೆಗೆ ಪರಿಹಾರ ಉಂಟು. ಅದಕ್ಕೆ ಬೆಲೆ ಕಟ್ಟುವ ಒಬ್ಬ ವ್ಯಾಲ್ಯುಯರ್ ಬಂದು ಮನೆ ನೋಡಿ ರಿಪೋರ್ಟ್ ಬರೆಯಬೇಕು. ಆ ರಿಪೋರ್ಟ್ ಸರಿಯೋ ತಪ್ಪೋ ಎಂದು ಅವರ ಮೇಲಿನ ಸಾಹೇಬರು ಪರಿಶೀಲಿಸಿ ಸಹಿ ಹಾಕಬೇಕು.

ಮುನಿಯಮ್ಮ ಗಾರೆ ಕೆಲಸದವರು. ಅವರ ಗಂಡನೂ ಗಾರೆ ಮೇಸ್ತ್ರಿಯಾಗಿದ್ದರು. ದಂಡಿನ ಬಂಗಲೆಗಳನ್ನು ಕಟ್ಟಿ ಕೂಲಿ ತಂದ ಈ ಇಬ್ಬರು, ರಜದ ದಿನಗಳಲ್ಲಿ ತಮ್ಮ ಮನೆ ಕಟ್ಟಿಕೊಂಡರು. ಹನ್ನೆರಡು ವರ್ಷ ಹಿಡಿಯಿತು. ಕಲ್ಲಿನ ಗೋಡೆ, ಗಾರೆಯ ತಾರಸಿ, ಹಿತ್ತಲಲ್ಲಿ ಸಿಹಿನೀರಿನ ಬಾವಿ. ತಾರಸಿ ಮುಗಿದ ಮರುವರ್ಷ ಗಂಡ ತೀರಿಕೊಂಡರು. ಬೀದಿಯ ಕಡೆ ಮಾತ್ರ ಸುಣ್ಣ, ಸಾಮಾನು ಇಡಲು ಮಣ್ಣುಗೋಡೆಯ ಒಂದು ಹಳೆಯ ಹೆಂಚಿನ ಕೊಟ್ಟಿಗೆ ಇದೆ. ರಸ್ತೆಯಲ್ಲಿ ನಿಂತರೆ ಕಾಣುವುದು ಅದೊಂದೇ.

ಅಂದರೆ ನಮ್ಮ ವ್ಯಾಲ್ಯುಯರ್ ಬೆಲೆ ಕಟ್ಟಿದ್ದು ಕೊಟ್ಟಿಗೆಗೆ.

ಶಾಲೆಗೆ ಅರ್ಧ ದಿನ ರಜೆ ಬರೆದು ಮುನಿಯಮ್ಮನ ಜೊತೆ ಆ ಕಾಗದ ಕಳಿಸಿದ ಕಚೇರಿಗೆ ಹೋದೆ. ರಿಪೋರ್ಟ್ ಬರೆದವರು ರಂಗಸ್ವಾಮಿ ಎಂಬುವರು, ನಲವತ್ತು ದಾಟಿದವರು. ಮನೆಯ ಒಳಗೆ ಹೋಗಿದ್ದಿರಾ ಎಂದು ಕೇಳಿದೆ.

"ಇಲ್ಲ ಸಾರ್, ಬೀದಿಯಿಂದ್ಲೇ ನೋಡ್ದೆ. ಒಂದೇ ದಿನಕ್ಕೆ ಅಷ್ಟೂ ಮನೆ ಮುಗಿಸ್ಬೇಕಿತ್ತು."

"ಈ ಕೆಲಸ ಯಾರ ಹತ್ರ ಕಲಿತ್ರಿ?"

"ಮೊನ್ನೆ ಮೊನ್ನೆವರ್ಗೂ ರೇಷನ್ ಸೆಕ್ಷನ್‌ನಲ್ಲಿದ್ದೆ. ಇಲ್ಲಿಗೆ ಹಾಕಿದ್ರು. ಹಳೇ ಫೈಲ್ ನೋಡ್ಕೊಂಡು ಹಾಗೇ ಬರೀರಿ ಅಂದ್ರು. ಬರೆದೆ."

ನನ್ನ ಕ್ಲಾಸಿನಲ್ಲಿ ಪಕ್ಕದವನ ಉತ್ತರ ನೋಡಿ ಬರೆದರೆ ಬೆಂಚಿನ ಮೇಲೆ ನಿಲ್ಲಿಸುತ್ತೇನೆ. ಇಲ್ಲಿ ಅದಕ್ಕೇ ಟ್ರೈನಿಂಗ್ ಎನ್ನುತ್ತಾರೆ. ಅಕ್ಕಿ ಅಳೆಯುತ್ತಿದ್ದವರನ್ನು ತಂದು ಮನೆ ಅಳೆಯಿರಿ ಎಂದರೆ ಅವರಾದರೂ ಏನು ಮಾಡಿಯಾರು? (ಕ್ಷೌರಿಕರಿಗೂ ಮೊದಲು ಯಾರಾದರೂ ಕತ್ತಿ ಹಿಡಿಯುವುದನ್ನು ಕಲಿಸುತ್ತಾರೆ, ನೆನಪಿರಲಿ.)

ಸರಿ, ಕಲಿಯದವರು ತಪ್ಪಿದರು. ತಿದ್ದಬೇಕಾದವರು? ಒಳಗೆ ಮೇಲಿನ ಸಾಹೇಬರ ಮುಂದೆ ಕಾಗದ ಇಟ್ಟೆ.

"ಚೆಕ್ ಮಾಡಿದೀನಲ್ರೀ. ಟಿಕ್ ಕಾಣ್ಸಲ್ವಾ?"

"ಏನನ್ನ ಚೆಕ್ ಮಾಡಿದ್ರಿ ಸಾರ್?"

"ಕೂಡಿದ್ದು, ಗುಣಿಸಿದ್ದು, ಎಲ್ಲಾನೂ. ಒಂದು ಕಾಸು ಹೆಚ್ಚುಕಮ್ಮಿ ಇಲ್ಲ."

"ಬಾವಿ ಬಿಟ್ಟು ಹೋಗಿದೆಯಲ್ಲ?"

"ಬಾವಿ ಇಲ್ಲ ಅಂತ ಬರೆದಿದಾರೆ. ಇಲ್ದೇ ಇರೋದನ್ನ ನಾನು ಬಂದು ಏನ್ರೀ ನೋಡ್ಲಿ?"

ನನಗೆ ಮೈ ಉರಿಯಿತು. ನಾಲ್ಕು ಮಾತು ಜೋರಾಗಿಯೇ ಆಡಿದೆ. ಅದರಿಂದ ಏನೂ ಆಗಲಿಲ್ಲ. ಆದದ್ದು ಮುನಿಯಮ್ಮನಿಂದ. ಅವರು ಹೊರಗೆ ಬಂದವರೇ ರಂಗಸ್ವಾಮಿಯವರ ಮೇಜಿನ ಮುಂದೆ ನಿಂತರು.

"ಸ್ವಾಮಿ, ಒಂದ್ಸಾರಿ ಮನೆಗ್ ಬನ್ನಿ. ಬಯ್ಯಕ್ಕಲ್ಲ, ತೋರ್ಸಕ್ಕೆ."

ಮರುದಿನ ಸಂಜೆ ಅವರು ನಿಜಕ್ಕೂ ಬಂದರು. ಮುನಿಯಮ್ಮ ಗಾರೆ ಬಳಿಯುವ ತಮ್ಮ ಕರಣೆಯನ್ನು ಅವರ ಕೈಗೆ ಕೊಟ್ಟು, ಅದರ ಹಿಡಿಯಿಂದ ಗೋಡೆ ತಟ್ಟಿಸಿದರು.

"ಗಟ್ಟಿ ಸದ್ದು ಬಂತಾ? ಇದು ಕಲ್ಲು. ಈಗ ಕೊಟ್ಟಿಗೆ ಗೋಡೆ ತಟ್ಟಿ. ಮಂಕಾಗ್ ಕೇಳ್ತದಾ? ಇದು ಮಣ್ಣು. ಕಣ್ಣು ಮೋಸ ಮಾಡ್ತದೆ ಸ್ವಾಮಿ, ಕಿವಿ ಮಾಡಕಿಲ್ಲ."

ಏಣಿ ಹತ್ತಿಸಿ ತಾರಸಿ ತೋರಿಸಿದರು. ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸಿ ಗಾರೆಯನ್ನು ಎಷ್ಟು ದಿನ ಕುಟ್ಟಿದೆವೆಂದು ಹೇಳಿದರು. ಗಂಡ ಕೊನೆಯದಾಗಿ ನಯ ಮಾಡಿದ ಮೂಲೆಯ ಹತ್ತಿರ ಬಂದಾಗ ಬಗ್ಗಿ ಅಂಗೈಯಿಂದ ಒಮ್ಮೆ ಸವರಿದರು. ರಂಗಸ್ವಾಮಿ ಎಲ್ಲವನ್ನೂ ಬರೆದುಕೊಂಡು ತಾರಸಿ ಅಂಚಿನ ಮೋಟು ಗೋಡೆಯ ಮೇಲೆ ಕುಳಿತರು.

"ಅಮ್ಮಾ, ಈ ಸಾಲಿನಲ್ಲಿ ಇನ್ನೆಷ್ಟು ಮನೆ ಹೀಗೆ ಬರೆದಿದೀನೋ ಗೊತ್ತಿಲ್ಲ. ಎಲ್ಲಾ ಮತ್ತೆ ನೋಡ್ತೀನಿ. ನೀವೂ ಜೊತೇಲಿ ಬನ್ನಿ."

ಶಭಾಷ್ ಎಂದುಕೊಂಡೆ. ಎರಡು ದಿನ ಬಿಟ್ಟು ಇಬ್ಬರೂ ನನ್ನ ಮನೆ ಬಾಗಿಲಿಗೇ ಬಂದರು.

ಈಗ ನಿಮಗೆ ಹೇಳದೆ ಬಿಟ್ಟಿದ್ದ ಒಂದು ಮಾತು ಹೇಳಬೇಕು. ನನಗೂ ನೋಟೀಸ್ ಬಂದಿತ್ತು. ಅದರಲ್ಲಿ ನನ್ನ ಮನೆ ಪಕ್ಕಾ ಕಟ್ಟಡ, ಇಟ್ಟಿಗೆ ಗೋಡೆ ಎಂದಿತ್ತು. ಹಿಂದಿನ ಮಾಲೀಕರು ಮುಂಭಾಗಕ್ಕೆ ಎರಡು ಕಂಬ ನಿಲ್ಲಿಸಿ ಸಿಮೆಂಟು ಬಳಿಸಿದ್ದರು. ಅದರ ಹಿಂದೆ ಇರುವುದೆಲ್ಲ ಮಣ್ಣು. ಮಳೆಗಾಲದಲ್ಲಿ ನಾವು ಪಾತ್ರೆ ಇಟ್ಟು ಮಲಗುತ್ತೇವೆ. ಆ ನೋಟೀಸನ್ನು ನಾನು ಮಡಿಸಿ ಟ್ರಂಕಿನಲ್ಲಿಟ್ಟಿದ್ದೆ. ಯಾವ ಕಚೇರಿಗೂ ಒಯ್ದಿರಲಿಲ್ಲ.

ಮುನಿಯಮ್ಮ ಒಳಗೋಡೆ ತಟ್ಟಿದರು. ಮಂಕು ಸದ್ದು. ಅಂಗೈಯಗಲ ಗಿಲಾವು ಕಳಚಿ ಬಿತ್ತು. ಅವರು ನನ್ನ ಮುಖ ನೋಡಿದರು. ರಂಗಸ್ವಾಮಿ ಪೆನ್ಸಿಲ್ ಹಿಡಿದು ಕಾದರು.

"ಮಣ್ಣು ಅಂತ ಬರ್ಕೊಳ್ಳಿ" ಎಂದೆ.

ಅವರು ಹೋದ ಮೇಲೆ ನನ್ನ ಹೆಂಡತಿ ಗಿಲಾವು ಗುಡಿಸುತ್ತ, "ಊರಿಗೆಲ್ಲ ನ್ಯಾಯ ಕೇಳಕ್ಕೆ ಹೋಗಿದ್ರಲ್ಲ, ಸಿಕ್ತಾ?" ಎಂದಳು.

ಹೊಸ ರಿಪೋರ್ಟುಗಳು ಮೇಲಕ್ಕೆ ಹೋದವು. ಹದಿನೈದು ದಿನದಲ್ಲಿ ಹೊಸ ನೋಟೀಸುಗಳೂ ಬಂದವು. ಮುನಿಯಮ್ಮನದು ಕಲ್ಲಿನ ಗೋಡೆಯಾಗಿದೆ, ಬಾವಿಯೂ ಬಂದಿದೆ. ನನ್ನದು ಮಣ್ಣಾಗಿದೆ. ಎರಡೂ ನಿಜ.

"ಎಲ್ಲಾ ಸರಿಹೋಯ್ತಲ್ಲ ಮೇಷ್ಟ್ರೇ, ಇನ್ಯಾಕೆ ಮುಖ ಗಂಟು?" ಎಂದು ಕೇಳಿದರು ಮುನಿಯಮ್ಮ.

ಸರಿಹೋದದ್ದು ನಮ್ಮ ಒಂದು ಸಾಲು. ಹಲಸೂರಿನಿಂದ ಆಚೆ ಇನ್ನೆಷ್ಟು ಬೀದಿಗಳಿಗೆ ಇದೇ ನೋಟೀಸು ಹೋಗಿದೆ? ಅಲ್ಲೆಲ್ಲ ಒಬ್ಬೊಬ್ಬ ಮುನಿಯಮ್ಮ ಕರಣೆ ಹಿಡಿದು ಕಾದಿದ್ದಾರೆಯೇ? ಅದಕ್ಕಿಂತ ನನ್ನನ್ನು ಕೆರಳಿಸಿದ್ದು ರಂಗಸ್ವಾಮಿ ಹೇಳಿದ ಮಾತು. ಹೊಸ ರಿಪೋರ್ಟುಗಳ ಕಟ್ಟು ಹೋದಾಗ ಸಾಹೇಬರು ಒಂದು ಮನೆಯನ್ನೂ ನೋಡಲಿಲ್ಲವಂತೆ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಂತೆ. ಕೂಡಿದ್ದು ಸರಿಯಿದೆ ಎಂದು ಕಾಫಿ ಆರುವುದರೊಳಗೆ ಅಷ್ಟಕ್ಕೂ ಟಿಕ್ ಹಾಕಿ ಕಳುಹಿಸಿದರಂತೆ.

ತಪ್ಪಿಗೂ ಸರಿಗೂ ಒಂದೇ ಸಹಿ ಬೀಳುವುದಾದರೆ, ಆ ಸಹಿ ಹಾಕಲು ಒಬ್ಬ ಸಾಹೇಬರು ಯಾಕೆ ಬೇಕು?