ಆಟಗಾರನ ಬೆರಳು ಹಿಡಿದು

ನನ್ನ ಮೊಮ್ಮಗಳು ಉಷಾ ಇವತ್ತು ನಡೆದಳು! ಮುರಿದ ಕಾಲಿನ ಪ್ಲಾಸ್ಟರ್ ಬಿಚ್ಚಿ ಹದಿನೈದು ದಿನವಾದರೂ ನೆಲಕ್ಕೆ ಪಾದ ಊರಲು ಹೆದರುತ್ತಿದ್ದಳು.

ನ್ಯೂಜೆರ್ಸಿಯ ಆಸ್ಪತ್ರೆಯ ವ್ಯಾಯಾಮದ ಕೋಣೆಯಲ್ಲಿ ಬಾಗಿಲಷ್ಟು ಅಗಲದ ಅಮೆರಿಕನ್ ಫುಟ್‌ಬಾಲ್ ಆಟಗಾರನೊಬ್ಬನಿದ್ದ. ಚೆಂಡು ಹಿಡಿದು ಓಡುವವರನ್ನು ಕೆಡವುವುದೇ ಹತ್ತು ವರ್ಷ ಅವನ ಕೆಲಸವಾಗಿತ್ತಂತೆ. ಈಗ ಮಂಡಿ ಹೋಗಿ ಆಟ ಮುಗಿದಿದೆ. ಕಂಬಿ ಹಿಡಿದು, ಬೆವರುತ್ತ ಒಂದೊಂದೇ ಹೆಜ್ಜೆ ಇಡುತ್ತಿದ್ದ.

"ಅಜ್ಜಿ, ಆ ಅಂಕಲ್‌ಗೂ ಭಯ!" ಎಂದವಳೇ ಉಷಾ ಅವನ ಸೊಟ್ಟ ಬೆರಳು ಹಿಡಿದು ನಾಲ್ಕು ಹೆಜ್ಜೆ ಇಟ್ಟಳು.

ನಾನು ಸೆರಗಿನ ಗಂಟಿನ ಉಪ್ಪು ತೆಗೆದು ಇಬ್ಬರಿಗೂ ದೃಷ್ಟಿ ನಿವಾಳಿಸಿದೆ. ಅವನು ನನ್ನ ಕೈಗೆ ಎಟುಕುವಂತೆ ತಲೆ ಬಗ್ಗಿಸಿದ.

"ಅಮ್ಮಾ, ಇಲ್ಲೆಲ್ಲ ಬೇಡಮ್ಮ," ಎಂದಳು ಮಗಳು.

"ಸುಮ್ನಿರೇ, ಸ್ಟೇಡಿಯಂ ತುಂಬ ಜನರ ಕಣ್ಣು ಬಿದ್ದಿರೋ ಕಾಲು ಅದು!"

ಸಂಜೆ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಉಷಾ ಕುರ್ಚಿಗಳನ್ನು ಹಿಡಿದುಕೊಂಡು ಸುತ್ತಿ, ಒಬ್ಬೊಬ್ಬರಿಗೂ ಹಪ್ಪಳ ಬಡಿಸಿದಳು. ಬೀಳ್ತೀಯ ಅಂತ ಯಾರೂ ಅನ್ನಲಿಲ್ಲ.