ತಲೆ ಎತ್ತಿದರೆ ಕತ್ತಲು

ಹಂಪಿಯ ಗುಡಿಯ ರಂಗಮಂಟಪದಲ್ಲಿ ಪ್ರವಾಸಿಗಳನ್ನು ನಿಲ್ಲಿಸಿ ಚಾವಣಿಯ ಚಿತ್ರಗಳನ್ನು ತೋರಿಸುವುದು ಗೈಡ್ ಆದ ನನ್ನ ದಿನನಿತ್ಯದ ಕೆಲಸ. ಕಳೆದ ವರ್ಷ ಒಂದು ವಿಚಿತ್ರ ಶುರುವಾಯಿತು. ಅವರೊಂದಿಗೆ ನಾನೂ ತಲೆ ಎತ್ತಿದರೆ ಕಣ್ಣಿಗೆ ಕತ್ತಲು. ತಗ್ಗಿಸಿದರೆ ಮತ್ತೆ ಬೆಳಕು. ಬಿಸಿಲಿಗೆ ಪಿತ್ತ ಏರಿದೆ ಅಂದುಕೊಂಡು ಮಜ್ಜಿಗೆ ಕುಡಿದೆ. ಚಿತ್ರಗಳೆಲ್ಲ ಬಾಯಿಪಾಠ ಇದ್ದವಲ್ಲ, ನೆಲ ನೋಡುತ್ತಲೇ ವರ್ಣಿಸುವುದನ್ನು ರೂಢಿ ಮಾಡಿಕೊಂಡೆ. ಒಬ್ಬ ಹಿರಿಯರಂತೂ ದೇವರ ಮುಂದೆ ಎಷ್ಟು ವಿನಯ ಎಂದು ಹೊಗಳಿದರು. ನನಗೆ ವಿನಯ! ನಮ್ಮ ಓಣಿಯವರು ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು.

ಆಟೋ ಓಡಿಸುವ ನಮ್ಮ ಯಜಮಾನರಿಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ. ಯಾಕೆ ತಲೆ ಎತ್ತುವುದಿಲ್ಲ ಎಂದು ಕೇಳಿ, ಮರುದಿನವೇ ಹೊಸಪೇಟೆಯ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದರು.

ಕನ್ನಡಕ ಬರೆದುಕೊಡುತ್ತಾರೆ ಎಂದುಕೊಂಡು ಹೋದವಳು ನಾನು. ಒಂದೊಂದೇ ಕಣ್ಣು ಮುಚ್ಚಿ ಅಕ್ಷರಗಳನ್ನೆಲ್ಲ ಪಟಪಟ ಓದಿದೆ. ಡಾಕ್ಟರಮ್ಮ ಕಣ್ಣಿನ ಪರೀಕ್ಷೆ ಬಿಟ್ಟು ನನ್ನ ಮಣಿಕಟ್ಟು ಹಿಡಿದರು. ಎಡಗೈಯಲ್ಲಿ ನಾಡಿ ಹುಡುಕಿದರು, ಬಲಗೈಯಲ್ಲಿ ಹುಡುಕಿದರು. ಕಣ್ಣು ತೋರಿಸಲು ಬಂದರೆ ಇವರೇನು ಕೈ ಹಿಡಿದು ಕೂತರು ಎಂದು ಸಿಟ್ಟೂ ಬಂತು, ಕುತೂಹಲವೂ ಆಯಿತು. ಆಮೇಲೆ ತೋಳಿನ ನರಕ್ಕೆ ಹಳದಿ ಔಷಧಿ ಚುಚ್ಚಿ, ಅದು ಕಣ್ಣಿನೊಳಗೆ ಹರಿಯುವುದನ್ನು ಒಂದರ ಹಿಂದೊಂದು ಫೋಟೊ ತೆಗೆದರು. ಊರವರಿಗೆಲ್ಲ ಚಿತ್ರ ತೋರಿಸುವವಳು ನನ್ನದೇ ಚಿತ್ರ ನೋಡದೆ ಬಿಡುತ್ತೇನೆಯೇ? ತೋರಿಸಿರೆಂದು ಹಟ ಹಿಡಿದೆ.

ಪರದೆಯನ್ನು ನನ್ನ ಕಡೆ ತಿರುಗಿಸಿದರು. ಕಪ್ಪು ನೆಲದಲ್ಲಿ ಬೆಳ್ಳನೆಯ ಬೇರುಗಳು, ತುದಿಗಳಲ್ಲಿ ಸಾಸಿವೆಯಂಥ ಚುಕ್ಕೆಗಳು. ಎಷ್ಟು ಚೆಂದ ಇದೆ ಅನ್ನಿಸಿತು. ಆ ಚುಕ್ಕೆಗಳೇ ರೋಗದ ಗುರುತಂತೆ. ಕುತ್ತಿಗೆಯ, ಕೈಗಳ ರಕ್ತನಾಳಗಳು ಉರಿಯೂತದಿಂದ ಬಾತು ಒಳಗೆ ಕಿರಿದಾಗಿವೆ, ನಾಡಿ ಸಿಗದಿದ್ದದ್ದೂ ಅದಕ್ಕೇ, ಕಣ್ಣಿನ ಒಳಪರದೆಯಾದ ರೆಟಿನಾಕ್ಕೆ ರಕ್ತ ಸಾಲುತ್ತಿಲ್ಲ, ತಲೆ ಎತ್ತಿದರೆ ಇನ್ನೂ ಕಡಿಮೆಯಾಗುತ್ತದೆ ಎಂದರು. ಎಡಗಣ್ಣಿನ ಫೋಟೊದಲ್ಲಿ ಒಂದು ಪಕ್ಕಕ್ಕೆ ಬೇರುಗಳೇ ಇರಲಿಲ್ಲ, ಬರೀ ಕಪ್ಪು.

‘ಅಷ್ಟು ಹೋಗೇತಿ, ತಿರುಗಿ ಬರಂಗಿಲ್ಲಮ್ಮ. ಉಳಿದದ್ದನ್ನ ಉಳಿಸ್ಕೊಳ್ಳಾಕ ಇವತ್ತಿಂದಾನ ಔಷಧ ಶುರು ಮಾಡ್ಬೇಕು.’

ನಾನು ನಂಬಲಿಲ್ಲ. ಕಾಣದೇ ಇದ್ದರೆ ನನಗೆ ಗೊತ್ತಾಗುವುದಿಲ್ಲವೇ? ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಡಾಕ್ಟರಮ್ಮನ ಮುಖವನ್ನೇ ನೇರ ನೋಡಿದೆ. ಹಣೆಯ ಕುಂಕುಮ ಸಹಿತ ಎಲ್ಲ ಸ್ಪಷ್ಟವಾಗಿತ್ತು. ನನ್ನ ಎಡಕ್ಕೆ ಕುರ್ಚಿಯಲ್ಲಿ ಕೂತಿದ್ದ ಯಜಮಾನರು ಮಾತ್ರ ಇರಲಿಲ್ಲ. ಅಯ್ಯೋ ಎಂದೆ.

ಅದೇ ಎಡಗಡೆಯಿಂದ ಏನಾಯಿತು ಎಂದು ಕೇಳುವ ಅವರ ದನಿ ಬಂತು, ಕುರ್ಚಿ ಸರಿದ ಸದ್ದೂ ಕೇಳಿತು.

‘ಅಲ್ಲೇ ಕುಂದ್ರಿ, ಏಳಬ್ಯಾಡ್ರಿ,’ ಎಂದು ಕೈ ತೆಗೆದು, ಅವರನ್ನು ನೋಡಲು ಆ ಕಡೆ ತಿರುಗಿದೆ.